ಅಕ್ಕಿ ಮಿಲ್ಲಿನ ಜಾಗದಲ್ಲಿ ಮನೆ ತೋರಿಸಿದ ವರ್ಷಗಳು

ಮನೆ ತೋರಿಸುವುದು ನನ್ನ ಕೆಲಸವಾಗಿತ್ತು. ಕೀಲಿ ಗೊಂಚಲು ಹಿಡಿದು ಮುಂದೆ ಹೋಗುವುದು, ಬಾಗಿಲು ತೆಗೆಯುವುದು, ಕಿಟಕಿ ತೆರೆಯುವುದು, ಆಮೇಲೆ ಸುಮ್ಮನೆ ನಿಲ್ಲುವುದು. ಈ ಸುಮ್ಮನೆ ನಿಲ್ಲುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಫೋನಿನಲ್ಲೇ ಮನೆಯ ಒಳಗೆಲ್ಲ ಸುತ್ತಾಡಿಸಿಬಿಡುತ್ತಾರೆ. ಕೊಪ್ಪಳದ ಹೊಸ ಅಪಾರ್ಟ್‌ಮೆಂಟೊಂದರ ಕಚೇರಿಗೆ ಸೇರಿಕೊಂಡ ಅಂಥ ಒಬ್ಬ ಹುಡುಗಿ ಮೊನ್ನೆ ಬಂದು, ಗಿರಾಕಿಗಳಿಗೆ ಏನು ಹೇಳಬೇಕು ಅಂತ ಕೇಳಿದಳು. ಏನು ಹೇಳಬೇಕು ಅನ್ನುವುದು ನನಗೂ ಸರಿಯಾಗಿ ತಿಳಿದಿರಲಿಲ್ಲ. ಅವರು ಏನು ಕೇಳುತ್ತಾರೆ ಅನ್ನುವುದೇ ನನಗೆ ಕೊನೆಯತನಕ ಕುತೂಹಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ರಾಯಚೂರಿನಿಂದ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರರು ಬಂದರು, ಅವರ ಹಿಂದೆ ಲಾರಿಯಲ್ಲಿ ಅವರ ಸಾಮಾನು ಬಂತು. ಇಳಿಸಲು ಮನೆಗಳೇ ಇರಲಿಲ್ಲ. ನಾನು ಆಗ ಬಸನಗೌಡರ ಕಚೇರಿಯಲ್ಲಿ ಟೈಪಿಸ್ಟ್. ಗೌಡರು ಮುನಿರಾಬಾದಿನ ನೀರಾವರಿ ಕಚೇರಿಯಿಂದ ಕಾಲುವೆ ದುರಸ್ತಿಯ ಗುತ್ತಿಗೆ ಹಿಡಿದು ಮೇಲೆ ಬಂದವರು. ಊರಿಗೆ ಜನ ಬರುತ್ತಿರುವುದನ್ನು ನೋಡಿ ಕಾಲುವೆ ಬಿಟ್ಟು ಮನೆಗೆ ಕೈ ಹಾಕಿದರು. ಎಣ್ಣೆ ಮಿಲ್ಲಿನ ಹಳೆಯ ಗೋದಾಮಿನಲ್ಲಿ ಗೋಡೆ ಎಬ್ಬಿಸಿ ಬಾಡಿಗೆ ಮನೆ ಮಾಡಿದರು. ನೋಡಲು ಬರುವವರು ಹೆಚ್ಚಾಗಿ ನೌಕರರ ಹೆಂಡಂದಿರು. ಗಂಡಸರ ಮುಂದೆ ಅವರು ಬಚ್ಚಲು ಎಲ್ಲಿ ಅಂತ ಕೂಡ ಕೇಳುತ್ತಿರಲಿಲ್ಲ. ಹಾಗಾಗಿ ಗೌಡರು ಕೀಲಿ ನನ್ನ ಕೈಗೆ ಕೊಟ್ಟು, "ತಂಗಿ, ಟೈಪು ಆಮ್ಯಾಲೆ ಮಾಡಿದ್ರಾತು, ಇವರಿಗೆ ಮನಿ ತೋರಿಸಿ ಬಾ" ಅಂದರು. ಅಂದಿನಿಂದ ಟೈಪಿನ ಯಂತ್ರದ ಮೇಲೆ ಧೂಳು ಕುಳಿತಿತು.

ಆ ದಿನಗಳಲ್ಲಿ ಒಬ್ಬ ಗುಮಾಸ್ತರ ಹೆಂಡತಿ ಬಂದಿದ್ದರು. ನಾನು ಹೊಸ ಹುರುಪಿನಲ್ಲಿ ನೆಲ, ಗೋಡೆ, ನಲ್ಲಿ ಎಲ್ಲವನ್ನೂ ಹೊಗಳುತ್ತಿದ್ದೆ. ಆಕೆ ಒಳಗೆ ಒಂದು ಸುತ್ತೂ ಹಾಕಲಿಲ್ಲ. ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು ಕುಡಿಯಲು ನೀರು ಕೇಳಿದರು. ಪಕ್ಕದವರು ಚೊಂಬು ತೊಳೆದು ನೀರು ತಂದರು, ಜೊತೆಗೆ ಒಂದು ಬೆಲ್ಲದ ಚೂರನ್ನೂ ಕೊಟ್ಟರು. ಆಕೆ ನೀರು ಕುಡಿದು, ನನ್ನ ಕಡೆ ತಿರುಗಿ, ಈ ಮನೆ ನಮಗೆ ಆಯಿತು, ತೆಗೆದುಕೊಳ್ಳುತ್ತೇವೆ ಅಂದರು. ನನಗೆ ಅವಮಾನವಾದಂತಾಯಿತು. ಮನೆಗೆ ಹೋಗಿ ಯೋಚಿಸಿದಾಗ ಆಕೆ ನೋಡಬೇಕಾದ್ದನ್ನೇ ನೋಡಿದ್ದರು ಅನ್ನಿಸಿತು. ಜನ ಮನೆ ನೋಡಲು ಬಂದಾಗ ಅವರ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ನೋಡುವ ಚಟ ನನಗೆ ಹತ್ತಿದ್ದು ಅಲ್ಲಿಂದ.

ಕೆಲವು ವರ್ಷಗಳ ನಂತರ ಗೌಡರು ಗಂಗಾವತಿಯ ಪೇಟೆಯಲ್ಲಿ ಮುಚ್ಚಿದ್ದ ಅಕ್ಕಿ ಮಿಲ್ಲೊಂದನ್ನು ಕೊಂಡರು. ಮಿಲ್ಲುಗಳೆಲ್ಲ ಆಗ ಊರ ಹೊರಗಿನ ರಸ್ತೆಗಳಿಗೆ ಹೋಗುತ್ತಿದ್ದವು, ಲಾರಿಗಳು ಪೇಟೆಯ ಓಣಿಗಳಲ್ಲಿ ತಿರುಗಲಾರದೆ. ಹಗಲು ಭತ್ತದ ಧೂಳಿನಲ್ಲಿ ಮುಳುಗಿರುತ್ತಿದ್ದ ಆ ಓಣಿ ಮಿಲ್ಲು ಹೋದ ಮೇಲೆ ಬಿಕೋ ಅನ್ನುತ್ತಿತ್ತು. ಸಂಜೆಯಾದರೆ ಅಲ್ಲಿ ಇರುತ್ತಿದ್ದದ್ದು ಪಾರಿವಾಳ ಮತ್ತು ನಾಯಿಗಳು. ಚಹಾದ ಅಂಗಡಿಯವನೂ ಅಂಗಡಿ ಕಿತ್ತುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದ. ಅಂಥ ಜಾಗದಲ್ಲಿ ಗೌಡರು ಕೆಳಗೆ ಅಂಗಡಿ ಮತ್ತು ಗಾಡಿ ನಿಲ್ಲಿಸುವ ಜಾಗ, ಮೇಲೆ ನಾಲ್ಕು ಮಹಡಿ ಮನೆ, ಅದಕ್ಕೊಂದು ಲಿಫ್ಟು ಅಂತ ಯೋಜನೆ ಮಾಡಿದರು. ಎಂಜಿನಿಯರ್ ಆಗಿ ಬಂದವರು ಖಾದರ್ ಸಾಹೇಬರು, ಗಂಗಾವತಿಯವರೇ, ನನಗಿಂತ ಚಿಕ್ಕವರು. ಕಟ್ಟಡಕ್ಕೆ ಗೌಡರು ತಮ್ಮ ತಾಯಿಯ ಹೆಸರಿಟ್ಟು ದೊಡ್ಡ ಫಲಕ ಹಾಕಿಸಿದರು. ಊರು ಇವತ್ತಿಗೂ ಅದನ್ನು ಮಿಲ್ಲು ಅಂತಲೇ ಕರೆಯುತ್ತದೆ.

ಮೊದಲ ತಪ್ಪು ಗೌಡರದ್ದು. ಅವರು ಹೈದರಾಬಾದಿನಲ್ಲಿ ಮಾದರಿ ಮನೆ ನೋಡಿ ಬಂದಿದ್ದರು. ಇಲ್ಲಿಯೂ ಮೊದಲ ಮಹಡಿಯ ಒಂದು ಮನೆಯಲ್ಲಿ ಸೋಫಾ, ಗಾಜಿನ ಮೇಜು, ಪ್ಲಾಸ್ಟಿಕ್ ಹೂವು, ಗೋಡೆಗೆ ಹಿಮಾಲಯದ ಚಿತ್ರ ಎಲ್ಲವನ್ನೂ ಇಡಿಸಿದರು. ಜನ ವಸ್ತುಪ್ರದರ್ಶನಕ್ಕೆ ಬಂದಂತೆ ಬಂದರು. ಕೈ ಹಿಂದೆ ಕಟ್ಟಿಕೊಂಡು ನೋಡಿದರು, ಚಹಾ ಕುಡಿದು ಹೋದರು. ಒಬ್ಬ ಹೆಂಗಸು ಸೋಫಾದ ಅಂಚಿಗೆ ಕುಳಿತು, ಈ ಮನೆಯವರು ಎಲ್ಲಿಗೆ ಹೋಗಿದ್ದಾರೆ, ಅವರಿಲ್ಲದಾಗ ನಾವು ಒಳಗೆ ಬಂದರೆ ನಡೆಯುತ್ತದೆಯೇ ಅಂತ ಮೆಲ್ಲಗೆ ಕೇಳಿದಳು. ನಾನು ಗೌಡರಿಗೆ ಹೇಳಿ ಆ ಸಾಮಾನನ್ನೆಲ್ಲ ತೆಗೆಸಿದೆ. ಒಂದು ಚಾಪೆ, ಕಾಳಿನ ಡಬ್ಬಿಗಳು, ಗ್ಯಾಸಿನ ಒಲೆ, ಒಂದು ಕೊಡ, ಇಷ್ಟೇ ಇಟ್ಟೆ. ಅದಾದ ಮೇಲೆ ಹೆಂಗಸರು ತಾವಾಗಿ ನಲ್ಲಿ ತಿರುಗಿಸಿ ನೋಡತೊಡಗಿದರು, ಬಾಗಿಲ ಹಿಂದೆ ಕಸಬರಿಗೆ ಇಡಲು ಜಾಗ ಇದೆಯೇ ಅಂತ ಇಣುಕಿದರು. ಇಣುಕಿದವರು ಮತ್ತೊಮ್ಮೆ ಬರುತ್ತಿದ್ದರು.

ಲಿಫ್ಟು ಬಂದ ಮೇಲೆ ಇನ್ನೊಂದು ಪ್ರಸಂಗ. ಜನ ಚಪ್ಪಲಿ ಹೊರಗೆ ಬಿಟ್ಟು ಲಿಫ್ಟಿನೊಳಗೆ ಹೋಗುತ್ತಿದ್ದರು. ಮೇಲೆ ಹೋದವರು ಚಪ್ಪಲಿಗಾಗಿ ಮತ್ತೆ ಕೆಳಗೆ ಬರಬೇಕಾಗುತ್ತಿತ್ತು. ಒಂದು ದಿನ ಗೌಡರು ಕುಷ್ಟಗಿಯ ವ್ಯಾಪಾರಸ್ಥರಿಬ್ಬರನ್ನು ಕರೆದುಕೊಂಡು ಏರಿದರು. ಅರ್ಧದಲ್ಲಿ ಕರೆಂಟು ಹೋಯಿತು. ನಾನು ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟರೆ ಒಳಗಿನಿಂದ ಗೌಡರ ದನಿ ನಿಲ್ಲದೆ ಬರುತ್ತಿತ್ತು. ಗೋಡೆಯ ದಪ್ಪ, ಬೋರಿನ ನೀರು, ಗಾಳಿ, ಬೆಳಕು ಎಲ್ಲವನ್ನೂ ಆ ಕತ್ತಲ ಪೆಟ್ಟಿಗೆಯಲ್ಲೇ ವಿವರಿಸುತ್ತಿದ್ದರು. ಕರೆಂಟು ಬಂದು ಬಾಗಿಲು ತೆರೆದಾಗ ಮೂವರ ಅಂಗಿಯೂ ಬೆವರಿನಿಂದ ತೊಯ್ದಿತ್ತು. ಒಬ್ಬ ವ್ಯಾಪಾರಸ್ಥರು ಹಣೆ ಒರೆಸಿಕೊಂಡು, "ಗಾಳಿ ಬೆಳಕು ಎಲ್ಲಾ ಛಲೋ ಅದಾವ್ರಿ ಗೌಡ್ರ. ನಮಗ ನೆಲದ ಮ್ಯಾಲಿಂದು ಒಂದು ಅಂಗಡಿ ಕೊಡ್ರಿ, ಸಾಕು" ಅಂದರು. ಕೆಳಗಿನ ಸಾಲಿನಲ್ಲಿ ಮೊದಲ ಅಂಗಡಿ ಹೋದದ್ದು ಹಾಗೆ. ಆ ಮೇಲೆ ಜನರೇಟರ್ ಬಂತು.

ಜನ ಕೇಳುತ್ತಿದ್ದ ಪ್ರಶ್ನೆಗಳು ಮಾತ್ರ ನನ್ನನ್ನು ಬೆರಗುಗೊಳಿಸುತ್ತಿದ್ದವು. ಹಪ್ಪಳ ಎಲ್ಲಿ ಒಣಗಿಸಬೇಕು? ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಎಲ್ಲಿ ಕೂತು ಹಾಡಬೇಕು? ಮೇಲಿನ ಮನೆಯವರ ಸಂಡಾಸು ನಮ್ಮ ದೇವರ ತಲೆಯ ಮೇಲೆ ಬರುತ್ತದೆಯೇ? ಈ ಕೊನೆಯದಕ್ಕೆ ಖಾದರ್ ಸಾಹೇಬರು ನಕ್ಷೆ ಬಿಚ್ಚಿ ಉತ್ತರ ಹೇಳುತ್ತಿದ್ದರು: ಸಂಡಾಸಿನ ಮೇಲೆ ಸಂಡಾಸು, ದೇವರ ಮೇಲೆ ದೇವರು, ಒಲೆಯ ಮೇಲೆ ಒಲೆ. ಯಲಬುರ್ಗಾ ಕಡೆಯ ರೈತರೊಬ್ಬರು, ಮಕ್ಕಳ ಓದಿಗಾಗಿ ಮನೆ ನೋಡಲು ಬಂದವರು, ಬಹಳ ಹೊತ್ತು ಗೋಡೆಗೆ ಒರಗಿ ನಿಂತು ಕೇಳಿದರು. "ನೆಲ ಕೆಳಗಿನವಂದು ಆತು. ಆಕಾಶ ಮ್ಯಾಲಿನವಂದು ಆತು. ನಡುವ ಇರಾಂವಂದು ಏನೈತ್ರಿ ಯಕ್ಕಾ?"

ಕಾಗದದಲ್ಲಿ ಅದಕ್ಕೆ ಅವಿಭಾಜ್ಯ ಪಾಲು ಅನ್ನುತ್ತಾರೆ. ಆ ಮಾತು ಹೇಳಿದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಾನು ಅವರಿಗೆ, ನಿಮ್ಮೂರಲ್ಲಿ ಅಣ್ಣತಮ್ಮಂದಿರ ಪಾಲಿನ ಬಾವಿ ಇದೆಯೇ ಅಂತ ಕೇಳಿದೆ. ಇದೆ ಅಂದರು. ಅದರಲ್ಲಿ ನಿಮ್ಮ ನೀರು ಯಾವುದು ಅಂತ ತೋರಿಸಬಲ್ಲಿರಾ ಅಂದೆ. ಅವರು ನಕ್ಕರು. ಇದೂ ಹಾಗೆಯೇ, ಈ ನೆಲ ಎಲ್ಲರ ಪಾಲಿನ ಬಾವಿ ಅಂದೆ. "ಪಾಲಿನ ಬಾವ್ಯಾಗ ಜಗಳ ಭಾಳ ಇರತಾವ ಯಕ್ಕಾ" ಅಂದರು ಅವರು, ಆದರೂ ಮನೆ ಕೊಂಡರು. ಅವರು ಹೇಳಿದ್ದು ಎಷ್ಟು ನಿಜ ಅನ್ನುವುದು ಆಮೇಲೆ ತಿಳಿಯಿತು. ಈ ಕೆಲಸದಲ್ಲಿ ನನಗೆ ಮರೆಯಲಾಗದ ಪ್ರಸಂಗವೂ ಅಂಥ ಒಂದು ಜಗಳದ್ದೇ.

ನೀಲಮ್ಮ ತಾವರಗೇರಾದವಳು. ಗಂಡ ಟೆಂಪೊ ಓಡಿಸುತ್ತಿದ್ದ. ಅವಳು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಗಂಗಾವತಿ ಅನ್ನ ಉಣ್ಣುವವರ ಊರು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರು, ಭತ್ತ ಬೆಳೆಯುವವರು, ಅವರದ್ದೇ ಹೆಚ್ಚು. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೆಲಸಕ್ಕೆ ಬಂದ ಜನಕ್ಕೆ ರೊಟ್ಟಿ ಇಲ್ಲದೆ ಹೊಟ್ಟೆ ತುಂಬುತ್ತಿರಲಿಲ್ಲ. ನೀಲಮ್ಮನ ಕೈಯ ರೊಟ್ಟಿಗೆ ಬೇಡಿಕೆ ಇತ್ತು. ಹೊಗೆಯ ಮಾತಿಗೆ, ನೀರಿನ ಮಾತಿಗೆ ಮಾಲೀಕರು ಎಬ್ಬಿಸಿ ಎಬ್ಬಿಸಿ ಬಾಡಿಗೆ ಮನೆಗಳು ಅವಳಿಗೆ ಸಾಕಾಗಿದ್ದವು. ಸ್ವಂತದ ಮನೆಯಾದರೆ ಯಾರೂ ಏಳು ಅನ್ನುವುದಿಲ್ಲ ಅಂತ ಗಂಡ ಹೆಂಡತಿ ಸಾಲ ಮಾಡಿ ಮನೆ ಕೊಳ್ಳಲು ಬಂದಿದ್ದರು.

ಅವಳು ಮನೆ ನೋಡಿದ ರೀತಿ ನಾನು ಬೇರೆಲ್ಲೂ ಕಂಡಿಲ್ಲ. ಎರಡನೆಯ ಮಹಡಿಯ ಆ ಮನೆಯ ಗೋಡೆಗಳಿಗೆ ಆಗಿನ್ನೂ ಸಿಮೆಂಟಿನ ಗಿಲಾಯಿ ಆಗಿರಲಿಲ್ಲ. ಚೀಲದಿಂದ ಒಂದು ಡಬ್ಬಿ ತೆಗೆದಳು, ಒಳಗೆ ನಾದಿದ ಹಿಟ್ಟು ಇತ್ತು. ಅಡುಗೆ ಕಟ್ಟೆಯ ಮುಂದೆ ನಿಂತು ಒಂದು ರೊಟ್ಟಿ ಬಡಿದು ನೋಡಿದಳು. ತಲೆ ಅಲ್ಲಾಡಿಸಿದಳು. ನೆಲದ ಮೇಲೆ ಕುಳಿತು ಇನ್ನೊಂದು ಬಡಿದಳು. ನಿಂತು ಬಡಿದರೆ ತೋಳು ಸೋಲುತ್ತದೆ, ಕುಳಿತರೆ ಮೈಭಾರ ಕೈಗೆ ಬರುತ್ತದೆ, ನನಗೆ ಕುಳಿತು ಬಡಿಯಲು ಒಂದು ಗಿಡ್ಡ ಕಲ್ಲಿನ ಕಟ್ಟೆ ಬೇಕು ಅಂದಳು. ಇಲ್ಲಿ ರೊಟ್ಟಿ ಮಾಡಿ ಮಾರಿದರೆ ಯಾರೂ ಬೇಡ ಅನ್ನುವುದಿಲ್ಲವಲ್ಲ ಅಂತ ಎರಡೆರಡು ಸಲ ಕೇಳಿದಳು. ಗೌಡರು ಅಲ್ಲೇ ಇದ್ದರು. "ನಿನ್ನ ಮನ್ಯಾಗ ನೀ ರೊಟ್ಟಿ ಬಡೀತಿ, ಯಾರೇನಂತಾರವ್ವಾ" ಅಂದರು. ಖಾದರ್ ಸಾಹೇಬರು ನೆಲಕ್ಕೂ ಗೋಡೆಗೂ ಕಚ್ಚಿಸಿ, ಒಂದು ಗೇಣಿನ ಎತ್ತರದಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿಕೊಟ್ಟರು. ಕೆಲಸ ಗಟ್ಟಿಯಾಗಿತ್ತು. ಆ ಗಟ್ಟಿತನವೇ ಮುಂದೆ ತಾಪತ್ರಯವಾಯಿತು.

ಅವಳ ಕೆಳಗಿನ ಮನೆ, ಮೊದಲ ಮಹಡಿಯದು, ಸತ್ಯವತಮ್ಮನವರದು. ಕ್ಯಾಂಪಿನ ತೆಲುಗು ಮನೆತನ. ಗಂಡ ಸುಬ್ಬರಾವ್ ಮಾಸ್ತರು ಸರ್ಕಾರಿ ಕನ್ನಡ ಶಾಲೆಗಳಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮರುವರ್ಷವೇ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ನಿಂತುಹೋಗಿತ್ತು. ಆಸ್ಪತ್ರೆ, ಔಷಧಿ ಅಂಗಡಿ ಹತ್ತಿರವಿರಲಿ ಅಂತ ಅವರು ಕ್ಯಾಂಪಿನ ಮನೆ ಬಿಟ್ಟು ಪೇಟೆಗೆ ಬಂದಿದ್ದರು. ಅಡುಗೆ ಮಾಡುವಾಗಲೂ ಕಣ್ಣಿಗೆ ಬೀಳಲಿ ಅಂತ ಸತ್ಯವತಮ್ಮ ಮಾಸ್ತರ ಮಂಚವನ್ನು ಅಡುಗೆಮನೆಗೆ ಹತ್ತಿದ ಕೋಣೆಯಲ್ಲೇ ಹಾಕಿಸಿದ್ದರು. ಒಲೆಯ ಮೇಲೆ ಒಲೆ ಅಂತ ಹೇಳಿದೆನಲ್ಲ. ನೀಲಮ್ಮನ ಕಲ್ಲಿನ ಕಟ್ಟೆ ಹೆಚ್ಚುಕಡಿಮೆ ಆ ಮಂಚದ ನೆತ್ತಿಯ ಮೇಲೆ ಬಂತು.

ನೀಲಮ್ಮ ನಸುಕಿನಲ್ಲಿ ಕೆಲಸ ಹಿಡಿಯುತ್ತಿದ್ದಳು. ಮನೆ ಹೊಕ್ಕು ಹೆಚ್ಚು ದಿನ ಆಗಿರಲಿಲ್ಲ, ಸತ್ಯವತಮ್ಮ ಕೆಳಗಿನ ನನ್ನ ಕಚೇರಿಗೆ ಬಂದರು. ಕಣ್ಣು ಕೆಂಪಾಗಿದ್ದವು. ಕೂರಲಿಲ್ಲ. "ಅಮ್ಮಾ, ನೀವು ಮನೆ ತೋರಿಸುವಾಗ ಮೇಲೆ ಯಾರು ಬರುತ್ತಾರೆ ಅಂತ ಹೇಳಿದಿರಾ? ನನ್ನ ಗಂಡನ ತಲೆಯ ಮೇಲೆ ದಿನಾ ಬಡಿಯುತ್ತಾರೆ. ಅವರು ನಿದ್ದೆ ಇಲ್ಲದೆ ತುಟಿ ನಡುಗಿಸುತ್ತಾ ಮಲಗಿರುತ್ತಾರೆ. ಬೇಡ ಅನ್ನಲು ಅವರಿಗೆ ಬಾಯಿಲ್ಲ" ಅಂದರು. ನಾನು ಮೇಲೆ ಹೋಗಿ ನೀಲಮ್ಮನಿಗೆ ಹೇಳಿದೆ. ಅವಳು ಹೆದರಿದಳು. ಕಟ್ಟೆಯ ಮೇಲೆ ರೊಟ್ಟಿ ಬಡಿಯುವ ಹಲಗೆಯ ಕೆಳಗೆ ಗೋಣಿ ಹಾಸಿದಳು, ಆದರೆ ಹಲಗೆ ಜಾರಿ ರೊಟ್ಟಿ ಹರಿಯಿತು. ಹೊತ್ತು ಬದಲಿಸೋಣ ಅಂದರೆ ಖಾನಾವಳಿಗೆ ಬೆಳಿಗ್ಗೆಯೇ ರೊಟ್ಟಿ ಮುಟ್ಟಬೇಕು.

ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ಈ ಮಾತನ್ನು ಹಿಡಿದುಕೊಂಡರು. ಅವರು ಬಟ್ಟೆ ಅಂಗಡಿಯವರು, ನಾಲ್ಕನೆಯ ಮಹಡಿಯವರು. ರೊಟ್ಟಿ ಒಯ್ಯಲು ಬರುವವರು ಲಿಫ್ಟಿನಲ್ಲಿ ಬುಟ್ಟಿ ತರುತ್ತಾರೆ, ಮೆಟ್ಟಿಲಲ್ಲಿ ಹಿಟ್ಟು ಚೆಲ್ಲುತ್ತದೆ, ಇದು ಮನೆಯೋ ಖಾನಾವಳಿಯೋ ಅನ್ನುವುದು ಅವರ ಸಿಟ್ಟು. ಮನೆಗಳಲ್ಲಿ ಯಾವ ವ್ಯಾಪಾರವೂ ಕೂಡದು ಅಂತ ಸಂಘದಲ್ಲಿ ತೀರ್ಮಾನ ಮಾಡಿಸುತ್ತೇನೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದರು. ತೀರ್ಮಾನವಾದರೆ ನೀಲಮ್ಮ ರೊಟ್ಟಿ ಬಿಡಬೇಕು, ಇಲ್ಲವೇ ಮನೆ ಬಿಡಬೇಕು. ರೊಟ್ಟಿ ಬಿಟ್ಟರೆ ಸಾಲದ ಕಂತು ಕಟ್ಟುವುದು ಹೇಗೆ? ಎರಡೂ ಒಂದೇ.

ನಾನು ಗೌಡರ ಹತ್ತಿರ ಹೋದೆ. ನಾವೇ ಮಾತು ಕೊಟ್ಟು ಮಾರಿದ್ದು, ನೀವು ಒಂದು ಮಾತು ಹೇಳಬೇಕು ಅಂದೆ. ಗೌಡರು ಆಗ ಹೊಸಪೇಟೆಯಲ್ಲಿ ಇನ್ನೊಂದು ಜಾಗ ನೋಡುತ್ತಿದ್ದರು, ಈ ಕಟ್ಟಡ ಅವರ ಮನಸ್ಸಿನಿಂದ ಇಳಿದುಹೋಗಿತ್ತು. "ಕೀಲಿ ಕೊಟ್ಟ ಮ್ಯಾಲೆ ನಮ್ಮ ಕೆಲಸ ಮುಗೀತು ತಂಗಿ. ಮನಿಯೊಳಗಿನ ಜಗಳಕ್ಕ ನಾವು ಹೋಗಬಾರದು" ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಈ ಧಂದೆಯಲ್ಲಿ ಕೊಟ್ಟ ಮನೆಗಳ ಹಿಂದೆ ಹೋದರೆ ಮುಂದಿನ ಮನೆ ಕಟ್ಟಲಾಗುವುದಿಲ್ಲ. ಆದರೂ ನನಗೆ ಒಂದು ಕುತೂಹಲ ಉಳಿದಿತ್ತು. ನೀಲಮ್ಮನ ಅಡುಗೆಮನೆಯಲ್ಲಿ ನಿಂತರೆ ಸದ್ದು ಅಷ್ಟೇನೂ ದೊಡ್ಡದಲ್ಲ. ಕೆಳಗೆ ಅದು ಹೇಗೆ ಕೇಳುತ್ತದೆ?

ಒಂದು ದಿನ ನಸುಕಿನಲ್ಲಿ ಖಾದರ್ ಸಾಹೇಬರನ್ನು ಕರೆದುಕೊಂಡು ಸತ್ಯವತಮ್ಮನವರ ಮನೆಗೆ ಹೋದೆ. ಮಾಸ್ತರು ಮಂಚದ ಮೇಲೆ ಕಣ್ಣು ತೆರೆದು ಮಲಗಿದ್ದರು. ಮೇಲೆ ನೀಲಮ್ಮ ಶುರು ಮಾಡಿದಳು. ಸದ್ದು ಛಾವಣಿಯಿಂದ ಇಳಿಯಲಿಲ್ಲ, ಗೋಡೆಯ ಒಳಗಿನಿಂದಲೇ ಹುಟ್ಟಿದಂತೆ ಬಂತು. ಖಾದರ್ ಸಾಹೇಬರು ಗೋಡೆಗೆ ಅಂಗೈ ಇಟ್ಟು, ಆಮೇಲೆ ಕಿವಿ ಇಟ್ಟು ನಿಂತರು. ನನ್ನ ಕೈಯನ್ನೂ ಇಡಿಸಿದರು. ಪ್ರತಿ ಬಡಿತಕ್ಕೂ ಗೋಡೆ ಸಣ್ಣಗೆ ಮಿಡಿಯುತ್ತಿತ್ತು. ಅದನ್ನು ಮುಟ್ಟಿ ನೋಡಿದ ಮೇಲೆ ಸತ್ಯವತಮ್ಮನವರ ಸಿಟ್ಟು ನನಗೆ ಅರ್ಥವಾಯಿತು. ಹೊರಗೆ ಬಂದ ಮೇಲೆ ಖಾದರ್ ಸಾಹೇಬರು ಬೇಸರದಿಂದ, "ಅಕ್ಕಾರ, ನಾನು ಕಟ್ಟಿ ಕಟ್ಟಿಲ್ಲ, ತಬಲಾ ಕಟ್ಟೀನಿ" ಅಂದರು. ಕಲ್ಲನ್ನು ನೆಲಕ್ಕೂ ಗೋಡೆಗೂ ಕಚ್ಚಿಸಿದ್ದರಿಂದ ಬಡಿತವೆಲ್ಲ ನೇರ ಕಾಂಕ್ರೀಟಿಗೆ ಇಳಿಯುತ್ತಿತ್ತು.

ಕಟ್ಟೆ ಒಡೆದು ಮತ್ತೆ ಕಟ್ಟಲು ಗೌಡರು ಒಪ್ಪುತ್ತಿರಲಿಲ್ಲ. ಖಾದರ್ ಸಾಹೇಬರು ಥರ್ಮೊಕೋಲು ತಂದು ಹಲಗೆಯ ಕೆಳಗಿಟ್ಟರು, ಅದು ಮೂರೇ ರೊಟ್ಟಿಗೆ ಪುಡಿಯಾಯಿತು. ಹಳೆಯ ಚಾಪೆ ಇಟ್ಟರು, ಸದ್ದು ಹಾಗೆಯೇ ಉಳಿಯಿತು. ಕೊನೆಗೆ ಅವರಿಗೆ ಮಿಲ್ಲಿನ ಸಾಮಾನು ನೆನಪಾಯಿತು. ಯಂತ್ರಗಳನ್ನು ಕಿತ್ತು ಮಾರುವಾಗ ಯಾರೂ ಕೊಳ್ಳದ ಅಗಲವಾದ ರಬ್ಬರ್ ಬೆಲ್ಟುಗಳು ಮೆಟ್ಟಿಲ ಕೆಳಗೆ ಸುರುಳಿ ಸುತ್ತಿ ಬಿದ್ದಿದ್ದವು. ಅವುಗಳಲ್ಲಿ ಒಂದನ್ನು ಕತ್ತರಿಸಿ, ತೊಳೆದು, ಎರಡು ಪದರ ಮಾಡಿ ಕಲ್ಲಿನ ಮೇಲೆ ಹಾಸಿ, ಅದರ ಮೇಲೆ ಹಲಗೆ ಇಟ್ಟರು. ಹಲಗೆ ಜಾರಲಿಲ್ಲ. ಕೆಳಗೆ ಹೋಗಿ ಗೋಡೆಗೆ ಕೈಯಿಟ್ಟೆವು. ಗೋಡೆ ಸುಮ್ಮನಿತ್ತು. ಸತ್ಯವತಮ್ಮ ಇಬ್ಬರಿಗೂ ಕಾಫಿ ಕೊಟ್ಟರು. ಅವರು ನಮಗೆ ಏನಾದರೂ ಕೊಟ್ಟದ್ದು ಅದೇ ಮೊದಲು.

ಸದ್ದು ನಿಂತರೂ ಕಾರ್ಯದರ್ಶಿಯವರ ಸಿಟ್ಟು ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಸಿ ಸಭೆ ಕರೆದರು. ಗೌಡರಿಗೂ ಹೇಳಿ ಕಳಿಸಿದ್ದರು. ಅವರು ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಬಾಯಿ ತೆರೆಯಬೇಡ ಅನ್ನುವಂತೆ ನನ್ನ ಕಡೆ ಒಮ್ಮೆ ನೋಡಿದರು. ನೀಲಮ್ಮ ಮತ್ತು ಅವಳ ಗಂಡ ಕುರ್ಚಿಯಲ್ಲಿ ಕೂರದೆ ಕಂಬದ ಹತ್ತಿರ ನಿಂತಿದ್ದರು. ಮನೆ ಮಾರಲು ಗಿರಾಕಿ ನೋಡಿಕೊಡಿ ಅಂತ ಅವಳು ಹಿಂದಿನ ದಿನವೇ ನನಗೆ ಹೇಳಿದ್ದಳು. ಕಾರ್ಯದರ್ಶಿಯವರು ಬುಟ್ಟಿ, ಹಿಟ್ಟು, ಲಿಫ್ಟು ಎಲ್ಲವನ್ನೂ ಹೇಳಿ, ಇವೆಲ್ಲಕ್ಕಿಂತ ದೊಡ್ಡದು ಒಬ್ಬ ರೋಗಿಯ ನೆಮ್ಮದಿ ಅಂತ ಹೇಳಿ, ಸತ್ಯವತಮ್ಮನವರ ಕಡೆ ಕೈ ಮಾಡಿದರು.

ಸತ್ಯವತಮ್ಮ ಎದ್ದು ನಿಂತರು. ಅವರ ಮುಖ ಮೊದಲಿಗಿಂತ ಬಳಲಿತ್ತು. ಅವರು ಕಾರ್ಯದರ್ಶಿಯವರಿಗೆ ಏನೂ ಹೇಳದೆ ಖಾದರ್ ಸಾಹೇಬರನ್ನು ಹುಡುಕಿ, "ಆ ರಬ್ಬರು ತೆಗೆಸಿಬಿಡಿ ಸಾರ್" ಅಂದರು.

ಯಾರಿಗೂ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳಿದರು. ಸದ್ದು ನಿಂತ ದಿನ ತಾವು ಚೆನ್ನಾಗಿ ನಿದ್ದೆ ಮಾಡಿದರಂತೆ. ಮಾಸ್ತರು ಮಾತ್ರ ಎಂದಿನಂತೆ ನಸುಕಿಗೇ ಎಚ್ಚರವಾಗಿ ಛಾವಣಿ ನೋಡುತ್ತಿದ್ದರಂತೆ. ಹೊತ್ತು ಏರಿದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನವೂ ಹಾಗೇ. ಗಂಜಿ ಕುಡಿಸಲು ಹೋದರೆ ಬಾಯಿ ಬಿಗಿ ಹಿಡಿದರು. ಹೀಗೆ ನಾಲ್ಕಾರು ದಿನ ಆದ ಮೇಲೆ ಅವರ ತುಟಿಯ ನಡುಕ ನಿಂತಿರುವುದು ಸತ್ಯವತಮ್ಮನವರ ಗಮನಕ್ಕೆ ಬಂತು. ಹಾಗಾದರೆ ಅಷ್ಟು ದಿನ ಆ ತುಟಿಗಳು ನಡುಗುತ್ತಿದ್ದದ್ದು ಏಕೆ? ಮೇಲೆ ಬಡಿತ ಶುರುವಾದ ಕೂಡಲೇ ನಾನು ಸಿಟ್ಟಿನಿಂದ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದೆ, ಒಂದು ದಿನವೂ ಹತ್ತಿರ ಕುಳಿತು ಕೇಳಲಿಲ್ಲ ಅಂದರು. ಹಿಂದಿನ ದಿನ ನೀಲಮ್ಮ ಬೆಲ್ಟು ತೊಳೆದು ಒಣಗಲು ಹಾಕಿ, ಅದಿಲ್ಲದೆ ಒಂದೆರಡು ರೊಟ್ಟಿ ಬಡಿದಿದ್ದಳಂತೆ. ಆಗ ಮಾಸ್ತರು ಈ ಕಡೆ ಹೊರಳಿದರು. ಎಡಗೈ ಬೆರಳು ಮಂಚದ ಪಟ್ಟಿಯನ್ನು ತಟ್ಟಿತು. ಸತ್ಯವತಮ್ಮ ಬಗ್ಗಿ ಬಾಯಿಯ ಹತ್ತಿರ ಕಿವಿಯಿಟ್ಟರು.

"ಮಗ್ಗಿ ಹೇಳುತ್ತಿದ್ದಾರೆ" ಅಂದರು. "ಮನೆಯಲ್ಲಿ ನಾವು ಯಾವತ್ತೂ ತೆಲುಗೇ ಮಾತಾಡಿದ್ದು. ಮಗ್ಗಿ ಮಾತ್ರ ಕನ್ನಡದಲ್ಲಿ ಬರುತ್ತಿದೆ. ನನ್ನ ಹೆಸರು ಅವರಿಗೆ ಬರುವುದಿಲ್ಲ. ಇದು ಬರುತ್ತಿದೆ."

ಶಾಲೆಯಲ್ಲಿ ಮಾಸ್ತರು ಮೇಜಿನ ಮೇಲೆ ಕೋಲು ತಟ್ಟುತ್ತಾ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದರಂತೆ. ಕಾರ್ಯದರ್ಶಿಯವರು ಕೆಟ್ಟವರಲ್ಲ. ಸದ್ದಿನ ಮಾತು ಹೋಯಿತು, ಬುಟ್ಟಿಯ ಮಾತು ಉಳಿಯಿತು ಅಂದರು. ಆಗ ಹಿಂದಿನ ಸಾಲಿನಿಂದ ಗೌಡರು ಎದ್ದರು. ಮಾರುವಾಗ ರೊಟ್ಟಿ ಬಡಿಯಬಹುದು ಅಂತ ಹೇಳಿದವನು ನಾನು, ಆ ಮಾತು ನನ್ನದು ಅಂದರು. ಬುಟ್ಟಿಗಳು ಮೆಟ್ಟಿಲಲ್ಲಿ ಇಳಿಯಲಿ, ಮೆಟ್ಟಿಲು ಗುಡಿಸುವ ಹೊಣೆ ನೀಲಮ್ಮನದು, ರೊಟ್ಟಿ ಒಯ್ಯುವವರು ಕೆಳಗೇ ನಿಲ್ಲಲಿ ಅಂತ ಒಪ್ಪಂದವಾಯಿತು. ಸಭೆ ಮುಗಿದು ಎಲ್ಲರೂ ಏಳುವಾಗ ಗೌಡರು ನನ್ನ ಹತ್ತಿರ ಬಂದರು. ಏನಾದರೂ ಹೇಳುತ್ತಾರೆ ಅಂದುಕೊಂಡೆ. ಹೊಸಪೇಟೆಯ ನಕ್ಷೆ ತಂದಿದ್ದೇನೆ, ಅಡುಗೆಮನೆ ಒಮ್ಮೆ ನೋಡು ಅಂದರು, ಅಷ್ಟೇ. ಅಲ್ಲಿಂದ ಮುಂದೆ ಅವರು ನಕ್ಷೆಯನ್ನು ಎಂಜಿನಿಯರಿಗೆ ತೋರಿಸುವಾಗಲೇ ನನಗೂ ತೋರಿಸುತ್ತಿದ್ದರು. ನಾನು ಕೆಲಸ ಬಿಡುವತನಕ ಅದು ತಪ್ಪಲಿಲ್ಲ.

ಆ ಕಟ್ಟಡದಿಂದಾಗಿ ಆ ಓಣಿ ಬದಲಾಯಿತು ಅಂತ ಜನ ಹೇಳುತ್ತಾರೆ. ಕಿಟಕಿಗಳಲ್ಲಿ ದೀಪ ಕಂಡ ಮೇಲೆ ಹಾಲಿನವನು ಬಂದ, ದರ್ಜಿ ಬಂದ, ಡಾಕ್ಟರು ಬಂದರು, ಚಹಾದ ಅಂಗಡಿಯವನೂ ಮರಳಿದ. ಪಕ್ಕದ ಮಿಲ್ಲುಗಳ ಜಾಗದಲ್ಲೂ ಮಹಡಿಗಳು ಎದ್ದವು. ಈಗ ಕೊಪ್ಪಳದಲ್ಲಿ ಇನ್ನೂ ಎತ್ತರದವು ಏಳುತ್ತಿವೆ. ಅಲ್ಲಿ ಕೆಲಸಕ್ಕೆ ಸೇರಿದ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಗೋಡೆಗೆ ಕೈಯಿಟ್ಟು ನೋಡು, ಮೇಲಿನವರನ್ನೂ ಕೆಳಗಿನವರನ್ನೂ ಒಮ್ಮೆ ಭೇಟಿ ಮಾಡಿಸು, ಬಾಗಿಲು ತೆಗೆದ ಮೇಲೆ ಸುಮ್ಮನಿರು. ಅವಳು ತಲೆಯಾಡಿಸಿದಳು. ಎಷ್ಟು ತಲೆಗೆ ಹೋಯಿತೋ ಗೊತ್ತಿಲ್ಲ. ನನಗೂ ಆ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ ಹೋಗುತ್ತಿರಲಿಲ್ಲ.

ಸಭೆಯಾದ ಮೇಲೆ ಸತ್ಯವತಮ್ಮ ನೀಲಮ್ಮನನ್ನು ಒಂದು ದಿನ ಮನೆಗೆ ಕರೆದರು. ಸದ್ದು ಎಲ್ಲಿಂದ ಬರುತ್ತದೆ ಅಂತ ಮಾಸ್ತರು ಕಣ್ಣಾರೆ ನೋಡಲಿ ಅಂತ ಅವರ ಆಸೆ. ನನಗೂ ಬರಲು ಹೇಳಿದ್ದರು. ನೀಲಮ್ಮ ಹಲಗೆ, ಹಿಟ್ಟು ತಂದು ಮಂಚದ ಪಕ್ಕ ನೆಲದ ಮೇಲೆ ಕುಳಿತಳು. ಮಾಸ್ತರಿಗೆ ದಿಂಬು ಒರಗಿಸಿ ಕೂರಿಸಿದ್ದರು. ಅವರು ಮೊದಲು ಅವಳ ಮುಖ ನೋಡಿದರು, ಆಮೇಲೆ ಅವಳ ಕೈಯಿಂದ ಕಣ್ಣು ತೆಗೆಯಲಿಲ್ಲ. ಬಡಿತ ಶುರುವಾಯಿತು. ಮಾಸ್ತರ ತುಟಿ ಅಲುಗಿತು. ಹತ್ತಿರ ಕುಳಿತಿದ್ದರಿಂದ ನನಗೂ ಕೇಳಿಸಿತು, ತೊದಲಿನಲ್ಲಿ, ಗಾಳಿಯಂಥ ದನಿಯಲ್ಲಿ. ಏಳೊಂದ್ಲ ಏಳು. ಏಳೆರಡ್ಲ ಹದಿನಾಕು. ಏಳ್ಮೂರ್ಲ ಇಪ್ಪತ್ತೊಂದು.

ನೀಲಮ್ಮ ಶಾಲೆಗೆ ಹೋದವಳಲ್ಲ. ಏನು ಹೇಳುತ್ತಿದ್ದಾರೆ ಅಂತ ಅವಳು ಕೇಳಲಿಲ್ಲ, ಅವರ ಬಾಯಿ ನೋಡಿಕೊಂಡೇ ಬಡಿಯುತ್ತಿದ್ದಳು. ಏಳಾರ್ಲ ಅನ್ನುವಲ್ಲಿ ಮಾಸ್ತರ ಮಗ್ಗಿ ನಿಂತಿತು. ಹಣೆ ಗಂಟಿಕ್ಕಿತು. ಬೆರಳು ಪಟ್ಟಿಯ ಮೇಲೆ ತಡವರಿಸಿತು. ಸತ್ಯವತಮ್ಮ ಹೇಳಿಕೊಡಲು ಬಾಯಿ ತೆರೆದು ಮತ್ತೆ ಮುಚ್ಚಿದರು. ನೀಲಮ್ಮನೂ ಬಡಿಯುವುದು ನಿಲ್ಲಿಸಿದಳು. ಎತ್ತಿದ ಕೈಯನ್ನು ಅವಳು ಇಳಿಸಲಿಲ್ಲ, ಹಿಟ್ಟಿನ ಕೈ ರೊಟ್ಟಿಯ ಮೇಲೆ ಗಾಳಿಯಲ್ಲೇ ಇತ್ತು. ಹೊರಗೆ ಓಣಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ನಲವತ್ತೆರಡು" ಅಂದರು ಮಾಸ್ತರು.

ನೀಲಮ್ಮನ ಕೈ ರೊಟ್ಟಿಯ ಮೇಲೆ ಬಿತ್ತು.